ಅಭಿನಯ ವಿದುಷಿ ಜಟ್ಟಿ ತಾಯಮ್ಮ

ನಮ್ಮ ಜೆ.ಪಿ. ನಗರದ ನೃತ್ಯಶಾಲೆಗಳಿಗೆ ಅತಿಥಿಗಳಾಗಿ ಬಂದು ಪಾಠ ಹೇಳುವ ಗುರುಗಳ ಪದವಿ ಪ್ರಶಸ್ತಿಗಳನ್ನು ಓದುವಾಗಲೆಲ್ಲ ನನಗೆ ಮೈಸೂರಿನ ಜಟ್ಟಿ ತಾಯಮ್ಮನವರ ನೆನಪಾಗುತ್ತದೆ. ಅವರು ಜನಿಸಿದ್ದು 1857ರಲ್ಲಿ. ತಂದೆ ದಾಸಪ್ಪನವರು ಕುಸ್ತಿಯ ಜಟ್ಟಿ. ಮಗಳಾದರೋ ಅರಮನೆಯ ನರ್ತಕಿಯಾಗಿ ಅಭಿನಯದಲ್ಲಿ ಅದ್ವಿತೀಯರೆನಿಸಿದರು. ಅವರಿಗಿದ್ದ ಯೋಗ್ಯತಾಪತ್ರವೆಂದರೆ ಗುರುಸೇವೆ ಮತ್ತು ಅರಮನೆಯ ಊಳಿಗ, ಇವೆರಡೇ.

ಸಭ್ಯ ಗೃಹಸ್ಥರು ನೃತ್ಯವೆಂದರೆ ಮೂಗು ಮುರಿಯುತ್ತಿದ್ದ ಕಾಲವದು. ಆದರೂ ರಸಾಯನಶಾಸ್ತ್ರದ ಅಧ್ಯಾಪಕರಾದ ಯು.ಎಸ್. ಕೃಷ್ಣರಾವ್, ಅವರ ಪತ್ನಿ ಚಂದ್ರಭಾಗಾದೇವಿ ಈ ವೃದ್ಧೆಯ ಬಳಿ ಶಿಷ್ಯವೃತ್ತಿ ಮಾಡಿದರು. ಎಳವೆಯಲ್ಲೇ ಬಂದು ಸೇರಿದ ವೆಂಕಟಲಕ್ಷಮ್ಮನವರಿಗೆ ತಾಯಮ್ಮ ತಮ್ಮ ವಿದ್ಯೆಯನ್ನೆಲ್ಲ ಧಾರೆಯೆರೆದರು.

1947ರಲ್ಲಿ ತಾಯಮ್ಮ ಕಾಲವಾದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ನೃತ್ಯವಿಭಾಗವನ್ನು ತೆರೆದಾಗ ವೆಂಕಟಲಕ್ಷಮ್ಮನವರೇ ಅದರ ಮೊದಲ ರೀಡರ್. ಪದವಿಯಿಲ್ಲದ ಗುರುವಿನ ವಿದ್ಯೆ ಹೀಗೆ ಪದವಿ ನೀಡುವ ಪೀಠವನ್ನೇ ಏರಿತು.