ಡೋಬೆರೈನರನು ಕಂಡ ಎಣ್ಣೆ

ಡೋಬೆರೈನರನ ಹೆಸರನ್ನು ನಾನು ಮೊದಲು ಕೇಳಿದ್ದು ಶಾಲೆಯ ‘ತ್ರಿಕ’ಗಳ ಪಾಠದಲ್ಲಿ. ಉಪಾಧ್ಯಾಯನಾದ ಮೇಲೆ ನಾನೂ ಎಷ್ಟೋ ವರ್ಷ ಲಿಥಿಯಮ್, ಸೋಡಿಯಮ್, ಪೊಟ್ಯಾಸಿಯಮ್ ಎಂದು ಕರಿಹಲಗೆಯ ಮೇಲೆ ಬರೆದು ಆತನ ಕಥೆಯನ್ನು ಅಲ್ಲಿಗೇ ಮುಗಿಸುತ್ತಿದ್ದೆ. ಆತನ ಬಾಳನ್ನು ಓದಿದ ಮೇಲೆ, ವಿದ್ಯಾರ್ಥಿಗಳಿಗೆ ನಾನು ಹೇಳದೆ ಉಳಿಸಿದ್ದೇ ಹೆಚ್ಚಿನದೆಂದು ತಿಳಿಯಿತು.

ಯೋಹಾನ್ ವೋಲ್ಫ್‌ಗಾಂಗ್ ಡೋಬೆರೈನರ್ 1780ರಲ್ಲಿ ಜರ್ಮನಿಯ ಹೋಫ್ ಸೀಮೆಯಲ್ಲಿ ಹುಟ್ಟಿದನು. ತಂದೆ ಕುದುರೆಗಾಡಿಯ ಸಾರಥಿ. ಕ್ರಮವಾದ ವಿದ್ಯಾಭ್ಯಾಸಕ್ಕೆ ಅನುಕೂಲವಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಔಷಧಿ ತಯಾರಿಸುವವನೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು. ಮುಂದೆ ಕೈಹಾಕಿದ ವ್ಯಾಪಾರಗಳು ಕೈಹಿಡಿಯಲಿಲ್ಲ. ಅಂಥವನಿಗೆ 1810ರಲ್ಲಿ ಯೇನಾ ವಿಶ್ವವಿದ್ಯಾನಿಲಯ ರಸಾಯನಶಾಸ್ತ್ರದ ಅಧ್ಯಾಪಕ ಪದವಿಯನ್ನು ಕೊಟ್ಟಿತು. ಮಹಾಕವಿ ಗಯಟೆಯೇ ಆತನ ಉಪನ್ಯಾಸಗಳಿಗೆ ಬಂದು ಕುಳಿತದ್ದುಂಟು.

1823ರಲ್ಲಿ, ಸ್ಪಂಜಿನಂಥ ಪ್ಲಾಟಿನಮ್ಮಿನ ಮೇಲೆ ಜಲಜನಕವನ್ನು ಹಾಯಿಸಿದರೆ ಅದು ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುವುದನ್ನು ಆತನು ಕಂಡನು. ಪ್ಲಾಟಿನಮ್ ಮಾತ್ರ ಸವೆಯದೆ ಹಾಗೆಯೇ ಉಳಿಯಿತು. ಇದರಿಂದ ಮಾಡಿದ ದೀಪ ಯೂರೋಪಿನ ಎಷ್ಟೋ ಮನೆಗಳನ್ನು ಸೇರಿತು. ಆದರೆ ಆತನು ಅದಕ್ಕೆ ಪೇಟೆಂಟನ್ನೇ ಪಡೆಯಲಿಲ್ಲ. ತಾನು ಸವೆಯದೆ ಕ್ರಿಯೆಯನ್ನು ನಡೆಸುವ ಇಂಥ ವಸ್ತುವಿನ ಗುಣಕ್ಕೆ ಬರ್ಜೀಲಿಯಸ್ ಹೆಸರಿಟ್ಟದ್ದು 1835ರಲ್ಲಿ. ಅಂಥ ವಸ್ತುವನ್ನು ನಾವಿಂದು ವೇಗವರ್ಧಕ ಎನ್ನುತ್ತೇವೆ.

ಇನ್ನೊಂದು ಪ್ರಯೋಗದಲ್ಲಿ ಆತನು ಸಕ್ಕರೆಯನ್ನು ಗಂಧಕಾಮ್ಲ ಮತ್ತು ಮ್ಯಾಂಗನೀಸ್ ಡೈಆಕ್ಸೈಡುಗಳೊಡನೆ ಕಾಯಿಸಿ ಫಾರ್ಮಿಕ್ ಆಮ್ಲವನ್ನು ತೆಗೆಯುತ್ತಿದ್ದನು. ಅದರೊಡನೆ ಎಣ್ಣೆಯಂಥ ಪದಾರ್ಥವೊಂದು ತುಸುವೇ ಬಂದಿತು. ಪರೀಕ್ಷಿಸಲೂ ಸಾಲದಷ್ಟು! ಆದರೂ ಅದನ್ನು ಚೆಲ್ಲಿ ಮರೆಯದೆ 1832ರಲ್ಲಿ ಪ್ರಕಟಿಸಿದನು. ಅದೇ ಫರ್ಫ್ಯೂರಲ್. 1845ರಲ್ಲಿ ಫೌನ್ಸ್ ಎಂಬಾತನು ಅದನ್ನು ಹೊಟ್ಟಿನಿಂದ ತೆಗೆದನು. ಆ ಹೆಸರಿನ ಮೂಲವೂ ಹೊಟ್ಟು ಎಂಬರ್ಥದ ಲ್ಯಾಟಿನ್ ಮಾತೇ. ಹೊಟ್ಟಿನಲ್ಲಿ ಅಡಗಿರುವ ಕ್ಸೈಲೋಸ್ ಎಂಬ ಸಕ್ಕರೆಯ ಒಂದೊಂದು ಅಣುವೂ ಆಮ್ಲದ ಸಂಗದಲ್ಲಿ ಮೂರು ನೀರಿನ ಅಣುಗಳನ್ನು ಕಳೆದುಕೊಂಡು ಫರ್ಫ್ಯೂರಲ್ ಆಗುತ್ತದೆ. 1922ರಲ್ಲಿ ಅಮೆರಿಕದ ಅಯೋವದಲ್ಲಿ ಓಟ್ಸ್ ಹೊಟ್ಟಿನಿಂದ ಇದರ ಕೈಗಾರಿಕೆಯೇ ಆರಂಭವಾಯಿತು. ರಾಳಗಳ ತಯಾರಿಕೆಗೂ ಕೀಲೆಣ್ಣೆಯ ಶುದ್ಧೀಕರಣಕ್ಕೂ ಅದು ಬೇಕಾಯಿತು.

ಆದರೆ ಗಂಧಕಾಮ್ಲ ಪಾತ್ರೆಯನ್ನು ತಿನ್ನುತ್ತದೆ. ಕೆಲಸ ಮುಗಿದ ಮೇಲೆ ದ್ರವದಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಸುಣ್ಣ ಹಾಕಿ ತಣಿಸಿದರೆ ಜಿಪ್ಸಮಿನ ರಾಶಿ ಉಳಿಯುತ್ತದೆ. ಆದುದರಿಂದಲೇ ಇಂದಿನ ಸಂಶೋಧಕರು ಜಿಯೋಲೈಟು, ಸಲ್ಫೋನಿಕ್ ರಾಳಗಳಂಥ ಘನ ಆಮ್ಲಗಳನ್ನು ಅರಸುತ್ತಿದ್ದಾರೆ. ಇವು ಸಕ್ಕರೆಯನ್ನು ಮಾರ್ಪಡಿಸುತ್ತವೆ. ಸೋಸಿ ತೆಗೆದರೆ ಮತ್ತೆ ಬಳಕೆಗೆ ಬರುತ್ತವೆ. ಮೇಲೆ ಮಸಿ ಕಟ್ಟಿಕೊಂಡು ಸೋಲುವ ಕಷ್ಟ ಇವಕ್ಕೂ ಉಂಟು. ಯೇನಾದ ಒಂದೇ ಕೊಠಡಿಯಲ್ಲಿ, ಒಬ್ಬನ ಕೈಯಲ್ಲೇ, ಸವೆಯದ ಘನವೂ ಸಕ್ಕರೆಯನ್ನು ಬದಲಿಸುವ ಆಮ್ಲವೂ ಬೇರೆಬೇರೆಯಾಗಿ ಇದ್ದವು. ಅವೆರಡರ ಗುಣಗಳು ಒಂದೇ ವಸ್ತುವಿನಲ್ಲಿ ಕೂಡುವುದನ್ನು ನೋಡದೆ ಆತನು 1849ರಲ್ಲಿ ತೀರಿಕೊಂಡನು.

ಈಗ ತ್ರಿಕಗಳ ಪಾಠ ಮಾಡುವ ದಿನ ನಾನು ಮೇಜಿನ ಮೇಲೆ ಒಂದು ಹಿಡಿ ಹೊಟ್ಟನ್ನೂ ಇಡುತ್ತೇನೆ. ಇದೇಕೆ ಸ್ವಾಮಿ ಎಂದು ಹುಡುಗರು ಕೇಳುತ್ತಾರೆ. ಉಳಿದ ಕಥೆ ಅಲ್ಲಿಂದ ಆರಂಭವಾಗುತ್ತದೆ.