ಎರಡಾಣೆಯ ನಂಬಿಕೆ: ಡಾಕ್ಟರ್ ಟಿ. ಎಂ. ಎ. ಪೈ

ಸಂಜೆಯಾಗುತ್ತ ಬಂದಾಗ ಸಿಂಧನೂರಿನ ಪೇಟೆಯಲ್ಲಿ ಒಂದು ಸುತ್ತು ಬಂದರೆ, ಹೆಗಲಿಗೆ ಚೀಲ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆಯುವ ಒಬ್ಬಿಬ್ಬರಾದರೂ ಕಣ್ಣಿಗೆ ಬೀಳದಿರರು. ಅವರು ಏನನ್ನೂ ಮಾರುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ. ಬಾಳೆಹಣ್ಣಿನ ಬಂಡಿಯವನು, ಮಿರ್ಚಿ ಕರಿಯುವ ಹೆಣ್ಣುಮಗಳು, ಸೈಕಲ್ಲಿಗೆ ಪಂಕ್ಚರ್ ಹಾಕುವವನು, ಕಿರಾಣಿ ಅಂಗಡಿಯ ಸಾಹುಕಾರ, ಎಲ್ಲರೂ ಅಂದಿನ ಗಳಿಕೆಯಲ್ಲಿ ಉಳಿದ ಇಪ್ಪತ್ತನ್ನೋ ಐವತ್ತನ್ನೋ ಅವರ ಕೈಯಲ್ಲಿಟ್ಟು, ಮತ್ತೆ ತಮ್ಮ ಕೆಲಸಕ್ಕೆ ತಿರುಗುತ್ತಾರೆ. ಲಿಂಗಸುಗೂರಿನಲ್ಲಿಯೂ ಮಸ್ಕಿಯಲ್ಲಿಯೂ ಇದೇ ನೋಟ. ಜನ ಅವರನ್ನು ಪಿಗ್ಮಿಯವರು ಎಂದು ಕರೆಯುತ್ತಾರೆ. ನಮ್ಮ ಕಾಲೇಜುಗಳಲ್ಲಿ ಓದುವ ಎಷ್ಟೋ ಮಕ್ಕಳ ಪರೀಕ್ಷೆಯ ಶುಲ್ಕ ಈ ಚೀಲದೊಳಗಿಂದಲೇ ಬಂದುದು ಎಂಬುದನ್ನು ಪಾಠ ಹೇಳುವ ನಾವೆಲ್ಲ ಬಲ್ಲೆವು.

ಈ ಪದ್ಧತಿಯು ಪೇಟೆಯಲ್ಲಿ ತಾನಾಗಿಯೇ ಹುಟ್ಟಿಕೊಂಡುದೆಂದು ಭಾವಿಸುವವರೇ ಹೆಚ್ಚು. ಆದರೆ ಇದಕ್ಕೊಂದು ಹುಟ್ಟೂರು ಉಂಟು, ಹುಟ್ಟಿದ ವರ್ಷವೂ ಉಂಟು. ಊರು ಉಡುಪಿ, ವರ್ಷ 1928. ಇದರ ಹಿಂದೆ ನಿಂತವರಲ್ಲಿ ಮುಖ್ಯರಾದವರು ಸಾಹುಕಾರರೂ ಅಲ್ಲ, ಅರ್ಥಶಾಸ್ತ್ರಜ್ಞರೂ ಅಲ್ಲ. ರೋಗಿಗಳ ನಾಡಿ ಹಿಡಿದು ನೋಡುತ್ತಿದ್ದ ಒಬ್ಬ ವೈದ್ಯರು. ಗಿರಾಕಿಯ ನಿಷ್ಠೆಯನ್ನು ಸಂಪಾದಿಸುವುದು ಹೇಗೆ, ಅವನ ಅಗತ್ಯವನ್ನು ಅರಿಯುವುದು ಹೇಗೆ, ಹಳೆಯ ವ್ಯವಹಾರದಲ್ಲಿ ಹೊಸದನ್ನು ಕಾಣುವುದು ಹೇಗೆ ಎಂದು ಇಂದು ದೊಡ್ಡ ದೊಡ್ಡ ಕಂಪನಿಗಳು ಅಪಾರ ಹಣವನ್ನೂ ಯಂತ್ರಬುದ್ಧಿಯನ್ನೂ ವೆಚ್ಚ ಮಾಡುತ್ತಿವೆ. ಈ ಪ್ರಶ್ನೆಗಳಿಗೆ ಎರಡಾಣೆಯಲ್ಲಿ ಉತ್ತರ ಕಂಡುಕೊಂಡ ಡಾಕ್ಟರ್ ತೋನ್ಸೆ ಮಾಧವ ಅನಂತ ಪೈ ಅವರ ಜೀವನವನ್ನು ಇಲ್ಲಿ ಸ್ವಲ್ಪದರಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು.

ಅನಂತ ಪೈಗಳು ಹುಟ್ಟಿದುದು 1898ನೆಯ ಇಸವಿ ಏಪ್ರಿಲ್ 30ರಂದು, ಉಡುಪಿಗೆ ಸಮೀಪದ ಕಲ್ಯಾಣಪುರದಲ್ಲಿ. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಉನ್ನತ ವಿದ್ಯೆಯನ್ನು ಬಯಸುವವರು ಮದರಾಸಿಗೇ ಹೋಗಬೇಕು. ಪೈಗಳೂ ಅಲ್ಲಿಯೇ ವೈದ್ಯಶಾಸ್ತ್ರವನ್ನು ಓದಿ, ಪದವಿ ಪಡೆದು, ತಮ್ಮ ನಾಡಿಗೆ ಮರಳಿ ವೃತ್ತಿಯನ್ನು ಆರಂಭಿಸಿದರು. ವೈದ್ಯನಾದವನಿಗೆ ಬೇರೆ ಯಾವ ವೃತ್ತಿಯವನಿಗೂ ಇಲ್ಲದ ಒಂದು ಅವಕಾಶವುಂಟು. ಅವನು ಎಲ್ಲರ ಮನೆಯ ಒಳಗಣ ಸ್ಥಿತಿಯನ್ನು ಕಾಣುತ್ತಾನೆ. ಔಷಧ ಬರೆದುಕೊಟ್ಟರೆ ಸಾಲದು, ಅದನ್ನು ಕೊಳ್ಳುವ ಹಣವೂ ಬೇಕು. ಹಣವಿದ್ದರೂ ಪಥ್ಯದ ತಿಳಿವಳಿಕೆ ಬೇಕು. ರೋಗ, ಬಡತನ, ಅಜ್ಞಾನ ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ಅರಿವು ಪೈಗಳ ಮುಂದಿನ ಎಲ್ಲ ಕಾರ್ಯಗಳಿಗೂ ತಳಹದಿಯಾಯಿತು.

ಆ ಕಾಲದಲ್ಲಿ ಕರಾವಳಿಯ ಕೈಮಗ್ಗದ ನೇಕಾರರು ದೊಡ್ಡ ಸಂಕಟಕ್ಕೆ ಸಿಕ್ಕಿದ್ದರು. ಅವರಿಗೆ ನೆರವಾಗಬೇಕಾದರೆ ಬಂಡವಾಳ ಬೇಕು. ಬಂಡವಾಳ ಕೊಡಬಲ್ಲ ಸಂಸ್ಥೆಯೂ ಬೇಕು. ಅನಂತ ಪೈಗಳು, ವ್ಯಾಪಾರದಲ್ಲಿದ್ದ ಅವರ ಅಣ್ಣ ಉಪೇಂದ್ರ ಪೈಗಳು, ಇಂಜಿನಿಯರರಾಗಿದ್ದ ವಾಮನ ಕುಡ್ವರು, ಈ ಮೂವರು ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರು ಉದ್ದವಾಗಿದ್ದರೂ ಮೂಲಧನ ಮಾತ್ರ ಎಂಟು ಸಾವಿರ ರೂಪಾಯಿ. ಆ ಜಿಲ್ಲೆಯಲ್ಲಿ ಬ್ಯಾಂಕುಗಳಿಗೆ ಕೊರತೆಯಿರಲಿಲ್ಲ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ನೆಟ್ಟ ಕೆನರಾ ಬ್ಯಾಂಕಿನ ಬೀಜ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕು, ಎರಡೂ 1906ರಲ್ಲಿಯೇ ಹುಟ್ಟಿದ್ದವು. 1924ರಲ್ಲಿ ಕರ್ಣಾಟಕ ಬ್ಯಾಂಕು ಬಂದಿತ್ತು. ಹಣವುಳ್ಳವರು ಹಣವಿಡಲು ಆಗಲೇ ಸ್ಥಳವಿತ್ತು. ಎಂಟು ಸಾವಿರದ ಹೊಸ ಬ್ಯಾಂಕಿನ ಬಾಗಿಲಿಗೆ ಯಾರು ಬಂದಾರು?

ಯಾರೂ ಬಾರದಿದ್ದರೆ ನಾವೇ ಹೋಗೋಣ ಎಂಬುದು ಈ ಪ್ರಶ್ನೆಗೆ ದೊರೆತ ಉತ್ತರ. ಕೇಳುವುದಕ್ಕೆ ಬಹು ಸರಳವಾದುದು. ಆದರೆ ಅಂದಿನ ಪದ್ಧತಿಯನ್ನು ನೆನೆದರೆ ಇದರ ಹೊಸತನ ತಿಳಿದೀತು. ಅಂಚೆಯ ಉಳಿತಾಯ ಬ್ಯಾಂಕು ಈ ದೇಶದಲ್ಲಿ 1882ರಿಂದಲೂ ಇದ್ದಿತು. ಅಲ್ಲಿ ಸಣ್ಣ ಮೊತ್ತವನ್ನೂ ಸ್ವೀಕರಿಸುತ್ತಿದ್ದರು. ಆದರೆ ಹಣವಿಡುವವನು ಅಂಚೆಮನೆಗೆ ಹೋಗಬೇಕು, ಕಾಗದ ತುಂಬಬೇಕು, ಗುಮಾಸ್ತನ ಬಿಡುವಿಗೆ ಕಾಯಬೇಕು. ಮೀನು ಮಾರುವ ಹೆಂಗಸು ಎರಡಾಣೆ ಉಳಿಸುವುದಕ್ಕಾಗಿ ಅರ್ಧ ದಿನದ ವ್ಯಾಪಾರ ಬಿಟ್ಟು ಹೋಗುವುದುಂಟೆ? ಸಂಜೆ ಕೈಯಲ್ಲಿದ್ದ ಎರಡಾಣೆ ಬೆಳಗಾಗುವುದರೊಳಗೆ ಯಾವುದೋ ಅಗತ್ಯಕ್ಕೆ ಕರಗಿಹೋಗುತ್ತಿತ್ತು. ಬಡವನು ಉಳಿಸಲಾರನೆಂಬ ನಂಬಿಕೆ ಲೋಕದಲ್ಲಿ ಬಲವಾಗಿ ಬೇರೂರಿದ್ದಿತು. ಅವನು ಉಳಿಸಬಲ್ಲ, ಉಳಿಸುವ ಗಳಿಗೆಯಲ್ಲಿ ಕೈ ನೀಡುವವರಿಲ್ಲ ಎಂಬುದನ್ನು ಪೈಗಳು ಕಂಡರು.

ಹೀಗೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭವಾಯಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಗೆ, ಅಂಗಡಿಗೆ, ಸಂತೆಗೆ ಹೋಗಿ ಹಣ ಪಡೆಯುವನು. ಎರಡಾಣೆಯಷ್ಟು ಸಣ್ಣ ಮೊತ್ತವೂ ಸಲ್ಲುವುದು. ಪಡೆದುದನ್ನು ಗಿರಾಕಿಯ ಕಣ್ಣೆದುರಿಗೇ ಬರೆದುಕೊಡುವನು; ಮರಳಿ ಬಂದು ಬ್ಯಾಂಕಿನ ಲೆಕ್ಕಕ್ಕೆ ಜಮೆ ಮಾಡುವನು. ವಾಚಕರು ಒಂದು ಲೆಕ್ಕ ಹಾಕಿ ನೋಡಬೇಕು. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಒಟ್ಟಿಗೆ ನಲವತ್ತೈದು ರೂಪಾಯಿಯನ್ನು ಎಂದೂ ಕಣ್ಣಿನಿಂದ ಕಾಣದವರ ಮನೆಯಲ್ಲಿ ಆ ಮೊತ್ತ ಏನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಈ ಯೋಜನೆಯಿಂದ ಬ್ಯಾಂಕಿಗೆ ಬಂದುದು ಹಣ ಮಾತ್ರವಲ್ಲ. ದಿನವೂ ಬಾಗಿಲಿಗೆ ಹೋಗುವವನಿಗೆ ಊರಿನ ವಿಷಯವೆಲ್ಲ ತಿಳಿಯುತ್ತದೆ. ಯಾರ ವ್ಯಾಪಾರ ಏರುತ್ತಿದೆ, ಯಾರ ಮಗ್ಗ ನಿಂತಿದೆ, ಯಾರು ಮಾತಿಗೆ ತಪ್ಪದವರು, ಯಾರ ಮನೆಯಲ್ಲಿ ಕಾಯಿಲೆ ಇದೆ, ಇವು ಯಾವ ದಸ್ತಾವೇಜಿನಲ್ಲಿಯೂ ಸಿಗದ ಸಂಗತಿಗಳು. ಮುನ್ನೂರು ದಿನ ತಪ್ಪದೆ ಎರಡಾಣೆ ಕೊಟ್ಟವನ ಪುಸ್ತಕವೇ ಅವನ ನಡತೆಯ ಸಾಕ್ಷಿ. ಹೊಲವಿಲ್ಲದವನಿಗೆ, ಒಡವೆಯಿಲ್ಲದವಳಿಗೆ ಸಾಲ ಕೇಳಲು ಆ ಪುಸ್ತಕ ಒಂದು ಆಧಾರವಾಯಿತು. ಇಂದು ಗಣಕಯಂತ್ರಗಳ ಸಹಾಯದಿಂದ ಗಿರಾಕಿಗಳ ವಿವರವನ್ನು ರಾಶಿ ಹಾಕಿ, ಅದರಿಂದ ಅವರ ಬೇಡಿಕೆಯನ್ನು ಊಹಿಸುವ ಕಲೆ ಬೆಳೆದಿದೆ. ಪೆನ್ಸಿಲು, ಕಾಗದ, ಕಾಲ್ನಡಿಗೆ ಇಷ್ಟರಿಂದಲೇ ಅಂದಿನ ಪಿಗ್ಮಿ ಪ್ರತಿನಿಧಿ ಅದನ್ನು ಸಾಧಿಸುತ್ತಿದ್ದ. ಒಂದು ವ್ಯತ್ಯಾಸವಂತೂ ಉಂಟು: ಆತ ಗಿರಾಕಿಯನ್ನು ಬಲ್ಲಂತೆ ಗಿರಾಕಿಯೂ ಆತನನ್ನು ಬಲ್ಲವನಾಗಿದ್ದ.

ಲೋಕದಲ್ಲಿ ಇಂಥ ಪದ್ಧತಿ ಬೇರೆಲ್ಲಿಯೂ ಇಲ್ಲವೆಂದಲ್ಲ. ಪಶ್ಚಿಮ ಆಫ್ರಿಕದ ಘಾನಾ ದೇಶದ ಸಂತೆಗಳಲ್ಲಿ ಸುಸು ಎಂಬ ಹೆಸರಿನ ಉಳಿತಾಯವುಂಟು. ಅಲ್ಲಿಯೂ ಹಣ ಸಂಗ್ರಹಿಸುವವನು ದಿನವೂ ಮಾರುಕಟ್ಟೆಯ ಹೆಂಗಸರ ಬಳಿ ಹೋಗುತ್ತಾನೆ. ಆದರೆ ಅಲ್ಲಿ ಅದು ಬಹುಕಾಲ ವ್ಯಕ್ತಿ ವ್ಯಕ್ತಿಗಳ ನಡುವಣ ವ್ಯವಹಾರವಾಗಿಯೇ ಇದ್ದಿತು. ಬೀದಿಯ ವಿಶ್ವಾಸವನ್ನು ಬ್ಯಾಂಕಿನ ಲೆಕ್ಕಕ್ಕೆ ಜೋಡಿಸಿದುದು ಉಡುಪಿಯವರ ಜಾಣ್ಮೆ.

ಈ ತಳಹದಿಯ ಮೇಲೆ ಸಂಸ್ಥೆ ಬೆಳೆಯಿತು. ದೊಡ್ಡ ಬ್ಯಾಂಕುಗಳು ಪಟ್ಟಣಗಳನ್ನು ಹುಡುಕಿದರೆ ಇದು ಹಳ್ಳಿಗಳನ್ನು ಹುಡುಕಿತು. ಉಪೇಂದ್ರ ಪೈಗಳ ಮಗ ಟಿ. ಎ. ಪೈ ಅವರು ಮುಂದೆ ಬ್ಯಾಂಕಿನ ಆಡಳಿತವನ್ನು ವಹಿಸಿಕೊಂಡು ಅದನ್ನು ದೇಶದ ಉದ್ದಗಲಕ್ಕೆ ಒಯ್ದರು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯೊಂದು ತೆರೆಯಿತು. ಅರುವತ್ತರ ದಶಕದಲ್ಲಿಯೇ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಎಂಬ ಚಿಕ್ಕ ಹೆಸರನ್ನು ತಾಳಿತು. ಬೇಸಾಯಕ್ಕೆ ಸಾಲ ಕೊಡುವ ಕಾರ್ಯವನ್ನೂ ವಿಸ್ತರಿಸಿತು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದಾಗ ಅವುಗಳಲ್ಲಿ ಇದೂ ಒಂದು. ಐವತ್ತು ಕೋಟಿ ರೂಪಾಯಿಗೆ ಮೇಲ್ಪಟ್ಟು ಠೇವಣಿಯಿದ್ದ ಬ್ಯಾಂಕುಗಳನ್ನೇ ಆಗ ಸರ್ಕಾರ ವಹಿಸಿಕೊಂಡುದು. ಎಂಟು ಸಾವಿರದ ಸಂಸ್ಥೆ ಆ ಸಾಲಿಗೆ ಬಂದು ನಿಂತಿತೆಂದರೆ ಎರಡಾಣೆಯ ಶಕ್ತಿ ಎಂಥದೆಂಬುದು ವೇದ್ಯವಾಗುತ್ತದೆ.

ಬ್ಯಾಂಕನ್ನು ಕಟ್ಟಿದ ಬುದ್ಧಿಯೇ ಮಣಿಪಾಲವನ್ನೂ ಕಟ್ಟಿತು. ಉಡುಪಿಯ ಪೂರ್ವಕ್ಕಿರುವ ಆ ಗುಡ್ಡ ಒಂದು ಕಾಲಕ್ಕೆ ಬರಿಯ ಬೋಳು ನೆಲ. ಅಲ್ಲಿ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ವಿದ್ಯಾಸಂಸ್ಥೆಯೂ, 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜೂ, 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ತಲೆಯೆತ್ತಿದವು. ಸರ್ಕಾರದ ಹಣವನ್ನು ಕಾಯದೆ ಖಾಸಗಿಯವರು ವೈದ್ಯಕೀಯ ಕಾಲೇಜು ತೆರೆಯುವುದು ಅಂದು ದುಸ್ಸಾಹಸವೆನಿಸಿತ್ತು. ವಿದ್ಯೆಗೆ ಹಣ ಪಡೆಯುವ ಈ ಮಾರ್ಗದ ಬಗೆಗೆ ಆಕ್ಷೇಪಣೆಗಳೂ ಬಂದವು. ಆ ಚರ್ಚೆ ಇಂದಿಗೂ ಮುಗಿದಿಲ್ಲ. 1972ರಲ್ಲಿ ಪೈಗಳಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 1979ರ ಮೇ 29ರಂದು, ಎಂಬತ್ತೊಂದು ವರ್ಷಗಳ ತುಂಬು ಬಾಳನ್ನು ಮುಗಿಸಿ, ಅವರು ತೀರಿಕೊಂಡರು.

ಜೀವನಚರಿತ್ರೆಯನ್ನು ಇಲ್ಲಿಗೆ ಮುಗಿಸಿದರೆ ಅದು ಬರಿಯ ಸ್ತುತಿಯಾದೀತು. ಪಿಗ್ಮಿಯ ಕಥೆಯಲ್ಲಿ ಇನ್ನೊಂದು ಮುಖವುಂಟು. ಬಿಸಿಲು ಮಳೆಯೆನ್ನದೆ ನಡೆದು ಬ್ಯಾಂಕಿಗೆ ಜನರ ವಿಶ್ವಾಸವನ್ನು ಗಳಿಸಿಕೊಟ್ಟ ಪ್ರತಿನಿಧಿಗೆ ಸಂಬಳವಿರಲಿಲ್ಲ. ಸಂಗ್ರಹಿಸಿದ ಹಣದ ಮೇಲೆ ದಳ್ಳಾಳಿ ಮಾತ್ರ. ಅವನು ಬ್ಯಾಂಕಿನವನೂ ಹೌದು, ಅಲ್ಲವೂ ಹೌದು. ಈ ವಿವಾದ ನ್ಯಾಯಾಧಿಕರಣದಿಂದ ನ್ಯಾಯಾಲಯಕ್ಕೆ ಏರುತ್ತ ಬಹುಕಾಲ ನಡೆಯಿತು. 2001ರಲ್ಲಿ ಸುಪ್ರೀಂ ಕೋರ್ಟು ಇವರೂ ಕಾರ್ಮಿಕರೇ ಎಂದು ಒಪ್ಪಿಕೊಂಡು, ಒಂದು ಕನಿಷ್ಠ ಪ್ರತಿಫಲಕ್ಕೆ ದಾರಿ ಮಾಡಿತು. ಆದರೆ ಬ್ಯಾಂಕಿನ ಕಾಯಂ ನೌಕರರ ಸಮಾನ ಸ್ಥಾನ ಅವರಿಗೆ ದೊರೆಯಲಿಲ್ಲ. ಗಿರಾಕಿಯ ನಿಷ್ಠೆಯನ್ನು ಬಯಸುವ ಸಂಸ್ಥೆ ಆ ನಿಷ್ಠೆಯನ್ನು ಹೊತ್ತು ತರುವವನಿಗೆ ತಾನೆಷ್ಟು ನಿಷ್ಠವಾಗಿದೆ ಎಂಬ ಪ್ರಶ್ನೆಯನ್ನು ಆ ವಿವಾದ ಎತ್ತಿತು. ಪೈಗಳ ದೊಡ್ಡತನವನ್ನು ಒಪ್ಪುವವರೂ ಈ ಪ್ರಶ್ನೆಯನ್ನು ಬದಿಗೆ ಸರಿಸಲಾಗದು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಹೆಸರು ಅಳಿಯಿತು, ಪಿಗ್ಮಿ ಉಳಿಯಿತು. ಅದು ಎಂದೋ ಒಂದು ಬ್ಯಾಂಕಿನ ಸೊತ್ತಾಗಿ ಉಳಿಯದೆ, ಸಹಕಾರಿ ಸಂಘಗಳ ಮೂಲಕ ನಮ್ಮ ರಾಯಚೂರು ಜಿಲ್ಲೆಯ ಪೇಟೆ ಪೇಟೆಗಳಿಗೂ ಬಂದು ಸೇರಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆ ನೀರು ಹರಿಸಿದ ಮೇಲೆ ಸಿಂಧನೂರು ಭತ್ತದ ಊರಾಯಿತು. ಅಕ್ಕಿ ಗಿರಣಿಗಳು ಬಂದವು, ಅವುಗಳ ಸುತ್ತ ಹಮಾಲರೂ ಚಹಾದಂಗಡಿಗಳೂ ಬೆಳೆದವು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದಡಿಯಿಂದ ಚಿನ್ನ ತೆಗೆಯುವ ಗಣಿಯಿದೆ. ಚಿನ್ನ ತೆಗೆಯುವಲ್ಲಿ ಎಷ್ಟೋ ಕಲ್ಲನ್ನು ಪುಡಿ ಮಾಡಿದರೆ ಒಂದಿಷ್ಟು ಹೊನ್ನು. ದಿನಗೂಲಿಯವನ ಉಳಿತಾಯವೂ ಹಾಗೆಯೇ.

ಪಿಗ್ಮಿಯವರ ಕೈಗೆ ಈಗ ಪುಟ್ಟ ಯಂತ್ರ ಬಂದಿದೆ. ಹಣ ಕೊಟ್ಟ ಕೂಡಲೆ ಅದರಿಂದ ಚೀಟಿ ಬರುತ್ತದೆ. ಕೆಲವು ಕಡೆ ಗಿರಾಕಿಯ ಮೊಬೈಲಿಗೆ ಸಂದೇಶವೂ ಬರುತ್ತದೆ. ಇದು ಒಳ್ಳೆಯ ಬೆಳವಣಿಗೆಯೇ. ಬರೆಯುವಲ್ಲಿ ಆಗುತ್ತಿದ್ದ ತಪ್ಪೂ, ಕೆಲವೊಮ್ಮೆ ಬೇಕೆಂದೇ ಆಗುತ್ತಿದ್ದ ಮೋಸವೂ ಇದರಿಂದ ಕಡಿಮೆಯಾದಾವು. ಆದರೆ ಸಂಘದ ಒಳಗೇ ಲೆಕ್ಕ ಕೆಟ್ಟಿದ್ದರೆ ಬಾಗಿಲಲ್ಲಿ ಬಂದ ಚೀಟಿ ಯಾರನ್ನೂ ಕಾಪಾಡದು. ವರ್ಷಗಟ್ಟಲೆ ಕೂಡಿಟ್ಟವರು ಒಂದು ಬೆಳಗ್ಗೆ ಹೋಗಿ ಬೀಗ ನೋಡಿ ಬಂದ ಸಂಗತಿಗಳು ನಾಡಿನಲ್ಲಿ ನಡೆದಿಲ್ಲವೆನ್ನುವಂತಿಲ್ಲ. ಆಗ ಜನ ಹಿಡಿದು ಕೇಳುವುದು ಸಂಘದ ಅಧ್ಯಕ್ಷನನ್ನಲ್ಲ. ದಿನವೂ ಅಂಗಡಿಗೆ ಬರುತ್ತಿದ್ದ ಆ ಚೀಲದವನನ್ನು. ನಂಬಿಕೆ ಇರುವುದು ಮುಖದಲ್ಲಿ, ಮುಖ ತಪ್ಪಿಸಿಕೊಳ್ಳಲಾರದು.

ಮಸ್ಕಿಯ ಬೆಟ್ಟದ ಬಂಡೆಯಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಅದು ಬಿದ್ದಿತು. ದೇವಾನಾಂಪ್ರಿಯನೆಂಬ ದೊರೆ ಅಶೋಕನೇ ಎಂಬುದು ಅದರಿಂದ ದೃಢವಾಯಿತು. ಇದು ಎಲ್ಲರೂ ಬಲ್ಲ ವಿಷಯ. ಆದರೆ ಶಾಸನದ ತಿರುಳು ಬೇರೊಂದು: ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಲಭ್ಯವೆಂದು ತಿಳಿಯಬಾರದು, ಸಣ್ಣವರೂ ಅದನ್ನು ಪಡೆಯಬಲ್ಲರು, ಇಬ್ಬರಿಗೂ ಇದನ್ನು ತಿಳಿಸಬೇಕು ಎಂಬುದು. ಆ ಬಂಡೆಯ ಕೆಳಗಣ ಪೇಟೆಯಲ್ಲಿ ಸಂಜೆ ಪಿಗ್ಮಿ ಸಂಗ್ರಹಿಸುವವರು ಇದನ್ನು ಓದಿರಲಿಕ್ಕಿಲ್ಲ. ಉಡುಪಿಯ ವೈದ್ಯರಿಗೂ ಈ ಬಂಡೆಗೂ ಯಾವ ಸಂಬಂಧವೂ ಇಲ್ಲ. ಆದರೂ ಸಣ್ಣವನ ಸಣ್ಣ ಕಾಸನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಅದನ್ನು ಕಾಯುವ ಹೊಣೆ ದೊಡ್ಡದೆಂಬ ಮಾತು ಇಬ್ಬರ ಬಾಳಿನಿಂದಲೂ ಕೇಳಿಬರುತ್ತದೆ. ಯಂತ್ರ ಬದಲಾಗಲಿ, ಬ್ಯಾಂಕಿನ ಹೆಸರು ಬದಲಾಗಲಿ, ಈ ಹೊಣೆಯನ್ನು ಮರೆಯದಿರುವವರೆಗೆ ಮಿರ್ಚಿ ಕರಿಯುವ ಆ ತಾಯಿ ನಾಳೆಯೂ ಕೈ ಒರೆಸಿಕೊಂಡು ನೋಟನ್ನು ಮುಂದೆ ಚಾಚುವಳು.