ಮಿರ್ಜಾ ಕಂಡ ತೋಟ, ಇಂದಿನ ಟಿಕೆಟ್

ತಾವರಗೇರಾದಂಥ ಊರಿನ ಮಕ್ಕಳು ಶಾಲಾ ಪ್ರವಾಸದಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಮೈಸೂರಿಗೆ ಹೋಗುವುದೇ ಬೃಂದಾವನದ ದೀಪ, ಕಾರಂಜಿ ಕಾಣಲು. ಅದನ್ನು ಮಾಡಿಸಿದ ಸರ್ ಮಿರ್ಜಾ ಇಸ್ಮಾಯಿಲ್ ಈ ಸೀಮೆಗೆ ತೀರಾ ಹೊರಗಿನವರಲ್ಲ. ಕುಷ್ಟಗಿ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1946-47ರಲ್ಲಿ, ಅವರು ಹೈದರಾಬಾದಿನ ಪ್ರಧಾನಿ. ಅಲ್ಲಿನ ಮತೀಯ ರಾಜಕಾರಣದೊಡನೆ ಹೊಂದಲಾರದೆ ವರ್ಷ ತುಂಬುವ ಮುನ್ನವೇ ಹೊರಬಂದರು.

ಶಿರಾಜ್‌ನಿಂದ ಬಂದು ಕುದುರೆ ವ್ಯಾಪಾರದಲ್ಲಿ ನೆಲೆನಿಂತ ಮನೆತನದಲ್ಲಿ, 1883ರಲ್ಲಿ, ಬೆಂಗಳೂರಿನಲ್ಲಿ ಜನಿಸಿದ ಮಿರ್ಜಾ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಮುಂಜಾನೆ ಕುದುರೆಯೇರಿ ಬೀದಿಯ ಕಸ, ಚರಂಡಿಗಳನ್ನು ತಾವೇ ಪರಿಶೀಲಿಸುತ್ತಿದ್ದ ದಿವಾನರು ಇನ್ನೊಬ್ಬರಿರಲಾರರು. ಕನ್ನಂಬಾಡಿ ಕಟ್ಟೆಯ ಕೆಳಗಿನ ಇಳಿಜಾರಿನಲ್ಲಿ ಅವರು ಕಾಶ್ಮೀರದ ಶಾಲಿಮಾರ್ ಉದ್ಯಾನದ ಮಾದರಿಯನ್ನು ಕಂಡರು. 1927ರಲ್ಲಿ ಆರಂಭವಾದ ಕೆಲಸ 1932ರಲ್ಲಿ ಮುಗಿಯಿತು. ನೀರಾವರಿಯ ಕಟ್ಟೆಯೊಂದು ಕಣ್ಣಿಗೂ ಹಬ್ಬವಾಗಬೇಕೆಂಬುದು ಆಡಳಿತಗಾರನ ಕರ್ತವ್ಯದ ಭಾಗವೆಂದು ಅವರು ಬಗೆದಿದ್ದರು.

ಬಿಡದಿಯ ವಂಡರ್‌ಲಾದಲ್ಲಿ ದಿನದ ಟಿಕೆಟ್ ಸಾವಿರ ರೂಪಾಯಿ ದಾಟಿದೆ. ದಿನವಿಡೀ ನೀರಾಟವಾಡಿ ಬರುವವರಿಗೆ ಅದು ತಕ್ಕ ಬೆಲೆಯೇ ಇರಬಹುದು, ಒಲ್ಲದವರು ಹೋಗದಿದ್ದರಾಯಿತು. ಬೃಂದಾವನದ ಮಾತು ಬೇರೆ. ಅದನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ 2,663 ಕೋಟಿ ರೂಪಾಯಿಗಳ ಯೋಜನೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿತು. ಬಂಡವಾಳ ಹೂಡುವವರು ಅದನ್ನು ಬಾಗಿಲಲ್ಲಿಯೇ ಹಿಂಪಡೆಯಬೇಕಲ್ಲವೆ? ಜನರ ಹಣದಿಂದಲೇ ಆದ ತೋಟವಿದು. 1959ರಲ್ಲಿ ಮಿರ್ಜಾ ತೀರಿಕೊಂಡರು. ಬಸ್ಸಿನ ಬಾಡಿಗೆಗೇ ಮಕ್ಕಳಿಂದ ಹಣ ಕೂಡಿಸಲು ಹೆಣಗುವ ತಾವರಗೇರಾದ ಮೇಷ್ಟರ ಲೆಕ್ಕವನ್ನು ಈಗ ಯಾರು ಹಾಕುತ್ತಾರೆ?